ಕ್ಯಾಮೆರಾಕ್ಕೆ ಹಾಕಿದ ಎಲೆ

ಮದುವೆ ವಿಡಿಯೋ ಮಾಡುವವನಿಗೆ ಬಿಸಿ ಊಟ ಅನ್ನುವುದು ಹಣೆಯಲ್ಲೇ ಬರೆದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮನೋಹರನಿಗೆ ಹೊಟ್ಟೆಕಿಚ್ಚು ಅಂತ ಯಾರೂ ಅನ್ನಬಾರದು. ಇಪ್ಪತ್ತೆರಡು ವರ್ಷದಿಂದ ಸಿದ್ದಾಪುರದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಊರವರೆಲ್ಲ ಉಣ್ಣುವುದನ್ನು ಶೂಟ್ ಮಾಡಿದ್ದೇನೆ. ನನ್ನ ಸರದಿ ಬರುವ ಹೊತ್ತಿಗೆ ಪಾತ್ರೆಯ ತಳದ ಸಾರು, ಮುರುಕು ಹಪ್ಪಳ, ನಿಂತಲ್ಲೇ ತಟ್ಟೆ. ಉಪಚಾರಕ್ಕಂತೂ ಒಬ್ಬನೂ ಬರುವುದಿಲ್ಲ.

ಉಪಚಾರ ನಮ್ಮ ಕಡೆ ಸಣ್ಣ ಸಂಗತಿ ಅಲ್ಲ. ಜನ ಪಂಕ್ತಿಯಲ್ಲಿ ಕೂತು ಉಣ್ಣುವಾಗ ಮನೆಯ ಯಜಮಾನ ಕೈ ಮುಗಿದುಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯಬೇಕು, "ಸಾವಕಾಶ ಆಗ್ಲಿ, ನಿಧಾನಕ್ಕೆ ಊಟ ಮಾಡಿ" ಅನ್ನಬೇಕು. ಪಾಯಸ ನೀರಾಗಿದ್ದರೆ ಜನ ಸುಮ್ಮನಿರುತ್ತಾರೆ. ಯಜಮಾನ ಬಂದು ಈ ಎರಡು ಮಾತು ಆಡಲಿಲ್ಲ ಅಂದರೆ ಮಾತ್ರ ಮೊಮ್ಮಕ್ಕಳ ಕಾಲದವರೆಗೂ ಎತ್ತಿ ಆಡುತ್ತಾರೆ.

ಆ ಎರಡು ಮಾತು ಆಡಲಾಗದವನು ನಮ್ಮ ಬೀರ.

ಬೀರ ನನ್ನ ಹಾಗೆ ಮನ್ಮನೆ ಊರಿನವನು, ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂತವನು. ಎರಡೆಕರೆ ಗದ್ದೆ, ಅದರ ಜೊತೆಗೆ ಗದ್ದೆ ಉಳುವ ಟಿಲ್ಲರುಗಳ ರಿಪೇರಿ. ಸುತ್ತಿನ ಹತ್ತು ಊರಿನ ಟಿಲ್ಲರುಗಳ ಕೆಮ್ಮು ದಮ್ಮು ಎಲ್ಲ ಅವನಿಗೆ ಗೊತ್ತು. ಎಂಜಿನ್ನಿನೊಳಗೆ ಮುಖ ಹಾಕಿಕೊಂಡರೆ ಎಷ್ಟು ಬೇಕಾದರೂ ಮಾತಾಡುತ್ತಾನೆ, ನಗಿಸುತ್ತಾನೆ, ಟಿಲ್ಲರಿನ ಯಜಮಾನನಿಗೆ ಬೈಯುತ್ತಾನೆ ಕೂಡ. ಮುಖ ಎತ್ತಿದನೋ, ಮಾತು ನಿಂತಿತು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಹೋಗುತ್ತಾನೆ, ಕೂತರೆ ಪಕ್ಕದವರು "ಯಾವೂರು?" ಅಂತ ಕೇಳಿಬಿಟ್ಟರೆ! ಮದುವೆ ಮುಂಜಿಗೆಲ್ಲ ಹೆಂಡತಿ ದುರ್ಗಿ ಒಬ್ಬಳೇ ಹೋಗುತ್ತಾಳೆ. ಊರು ಇದನ್ನು ಸೊಕ್ಕು ಅಂತ ಕರೆಯಿತು. ನಾನೂ ಹಾಗೇ ಅಂದವನು, ಸುಳ್ಳು ಯಾಕೆ ಹೇಳಲಿ.

ಹನ್ನೊಂದು ವರ್ಷದ ಹಿಂದೆ ಅವನ ತಂಗಿ ಸೌಮ್ಯಳ ಮದುವೆ. ಅಪ್ಪ ಇರಲಿಲ್ಲ, ಉಪಚಾರ ಅಣ್ಣನ ಪಾಲಿಗೆ ಬಂತು. ಬೀರ ಕೈ ಮುಗಿದುಕೊಂಡು ಪಂಕ್ತಿಯ ತುದಿಗೆ ಬಂದ, ಮೂರು ಹೆಜ್ಜೆ ಇಟ್ಟ, ನಿಂತ, ಬಾಯಿ ತೆರೆದ, ತಿರುಗಿ ಹೋಗೇಬಿಟ್ಟ. ಹುಡುಕಿದರೆ ಕೊಟ್ಟಿಗೆಯ ಹಿಂದೆ, ರಿಪೇರಿಗೆ ಬಂದಿದ್ದ ಟಿಲ್ಲರಿನ ಕೆಳಗೆ, ಹೊಸ ಅಂಗಿಯಲ್ಲೇ ಮಲಗಿಕೊಂಡಿದ್ದ. ಗಂಡಿನ ಕಡೆಯವರು ಮುನಿಸಿಕೊಂಡರು. ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಆ ಮೂರು ಹೆಜ್ಜೆಯನ್ನು ನಾನು ಶೂಟ್ ಮಾಡಿದ್ದೆ. ಡಿವಿಡಿ ಮಾಡುವಾಗ ಆ ತುಂಡನ್ನು ಕತ್ತರಿಸಿ ಎಸೆಯಬೇಕಿತ್ತು. ಸೋಮಾರಿತನ, ಹಾಗೇ ಬಿಟ್ಟೆ. ಸೌಮ್ಯಳ ಗಂಡನ ಮನೆಯಲ್ಲಿ ಟಿವಿಗೆ ಹಾಕಿ ಹಾಕಿ ನೋಡಿದರಂತೆ, "ನಮ್ಮ ಮುಖ ಕಂಡು ಹ್ಯಾಗೆ ತಿರುಗಿ ಹೋದ ನೋಡು!" ಅವತ್ತಿನಿಂದ ಅವಳ ಗಂಡ ಉಲ್ಲಾಸ ಮನ್ಮನೆಯ ಮೆಟ್ಟಿಲು ತುಳಿಯಲಿಲ್ಲ. ಸೌಮ್ಯ ಹಬ್ಬಕ್ಕೆ ಒಬ್ಬಳೇ ಬರುತ್ತಾಳೆ, ಸಂಜೆ ಬಸ್ಸಿಗೆ ವಾಪಸ್ ಹೋಗುತ್ತಾಳೆ.

ಈಗ ಬೀರನ ಮಗಳು ಅನುಶ್ರೀಗೆ ಮದುವೆ ಗೊತ್ತಾಯಿತು, ವೈಶಾಖದಲ್ಲಿ. ದುರ್ಗಿಯ ಅಣ್ಣ ಬಂದು, "ಉಪಚಾರ ನಾ ನೋಡ್ಕಳ್ತೆ, ನೀ ಹೆದ್ರಬ್ಯಾಡ" ಅಂದ. ಬೀರ ಎಂಜಿನ್ನಿನಿಂದ ತಲೆ ಹೊರಗೆ ತೆಗೆದ. "ಬ್ಯಾಡ. ನನ್ನ ಮಗಳ ಮದುವೇಲಿ ಕೈ ಮುಗಿಯೋನು ನಾನೇ. ಅವ್ಳಿಗೂ ತಂಗಿ ಹಾಗೆ ಆಗೂದು ಬ್ಯಾಡ." ಇಷ್ಟು ಅಂದವನು ಮರುದಿನದಿಂದ ಹೊಟ್ಟೆ ಹಿಡಿದುಕೊಂಡು ಮಲಗಿದ. ದುರ್ಗಿ ಶಿರಸಿಗೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಹೊಟ್ಟೆಯಲ್ಲಿ ಏನೂ ಇಲ್ಲ, ಇದು ಜನರ ಅಂಜಿಕೆ ಅಂತ ಡಾಕ್ಟರು ಸ್ಫೂರ್ತಿ ಅನ್ನುವವರ ಹತ್ತಿರ ಕಳಿಸಿದರು.

ಸ್ಫೂರ್ತಿ ಬನವಾಸಿ ಕಡೆಯವರು, ಮೂವತ್ತರ ಹೆಣ್ಣುಮಗಳು. ಮನಸ್ಸಿನ ತೊಂದರೆಗೆ ಮಾತಿನಿಂದ ಚಿಕಿತ್ಸೆ ಮಾಡುತ್ತಾರೆ. ಅವರ ಹತ್ತಿರ ಕಣ್ಣಿಗೆ ಕಟ್ಟಿಕೊಳ್ಳುವ ಒಂದು ವಿಆರ್ ಪೆಟ್ಟಿಗೆ ಇದೆ. ಕಟ್ಟಿಕೊಂಡರೆ ನೀವು ಕೂತ ಕೋಣೆ ಮಾಯ, ಬೇರೆ ಜಾಗ, ಬೇರೆ ಜನ. ತಲೆ ತಿರುಗಿಸಿದ ಕಡೆಗೆಲ್ಲ ಅದೇ ಕಾಣುತ್ತದೆ. ಜನರಿಗೆ ಹೆದರುವವರನ್ನು ಅದರೊಳಗೆ ಸ್ವಲ್ಪ ಸ್ವಲ್ಪವೇ ಜನರ ನಡುವೆ ಕೂರಿಸುತ್ತಾರೆ. ಬೀರನಿಗೂ ಕಟ್ಟಿದರು. ಒಳಗೆ ಪರದೇಶದ ಒಂದು ಸಭೆ, ಕೋಟು ಹಾಕಿದ ಮೂವತ್ತು ಜನ ಇವನನ್ನೇ ನೋಡುತ್ತಿದ್ದಾರೆ. ಬೀರ ಆರಾಮಾಗಿ ಕೂತು ನೋಡಿದ.

"ಹೆದ್ರಿಕೆ ಆಗ್ಲಿಲ್ವನಾ?" ಅಂತ ಆಮೇಲೆ ನಾನು ಕೇಳಿದೆ.

"ಎಂತಕ್ಕೆ ಹೆದ್ರೂದು ಮಾರಾಯ? ಅವ್ರಿಗೆ ನಾ ಯಾರು ಗೊತ್ತಿಲ್ಲ, ತಂಗಿನ ಎಲ್ಲಿಗೆ ಕೊಟ್ಟಿದ್ದು ಗೊತ್ತಿಲ್ಲ. ಪಾಪ, ಸೆಖೇಲಿ ಕೋಟು ಹಾಕ್ಕಂಡು ಕೂತಿದ್ರು."

ಹೀಗೆ ಪರದೇಶದ ಸಭೆ ಕೆಲಸಕ್ಕೆ ಬಾರದೆ ಸ್ಫೂರ್ತಿಯವರು ನನ್ನ ಸ್ಟುಡಿಯೋಕ್ಕೆ ಬಂದರು. ಸುತ್ತಲೂ ಒಟ್ಟಿಗೆ ಕಾಣುವ ಒಂದು ಕ್ಯಾಮೆರಾ ನಾನು ಹಿಂದೆ ತಂದಿದ್ದೆ, ಮದುವೆಗೆ ಹೊಸ ನಮೂನೆ ಅಂತ. ಅದರಲ್ಲಿ ತೆಗೆದದ್ದನ್ನು ನೋಡಿ ಯಾರೋ ಮದುಮಗಳ ಅಜ್ಜಿಗೆ ತಲೆ ತಿರುಗಿ ವಾಂತಿಯಾದ ಮೇಲೆ ಕಪಾಟಿಗೆ ಸೇರಿತ್ತು.

"ಬೀರಣ್ಣಾರು ಅಂಜೋದು ನಿಮ್ಮೂರಿನ ಪಂಕ್ತಿಗೆ ಅಲ್ರಿ? ಹಂಗಾದ್ರ ನನಗ ನಿಮ್ಮೂರಿನ ಪಂಕ್ತೀನ ಬೇಕ್ರಿ ಮನೋಹರಣ್ಣ," ಅಂದರು. "ಸ್ವಲ್ಪ ಅಂಜಿಕಿ ಬರಬೇಕು. ಅದರಾಗ ಅವರು ಕುಂದ್ರಬೇಕು. ಓಡದನ ಕುಂತ್ರ ಅಂಜಿಕಿ ತಾನಾಗೇ ಇಳೀತದ. ಇಳಿಯೋದನ್ನ ಅವರು ಕಣ್ಣಾರೆ ನೋಡ್ಬೇಕು."

ಮೇಜಿನ ಮೇಲೆ ಕಾಗದ ಹಾಸಿ ಬರೆದರು. ಮೊದಲು ಖಾಲಿ ಚಪ್ಪರ, ಎಲೆ ಮಾತ್ರ. ಆಮೇಲೆ ದೂರದಿಂದ ಕಾಣುವ ಪಂಕ್ತಿ. ಆಮೇಲೆ ಸಾಲುಗಳ ನಡುವೆ ನಡೆಯುವುದು. ಅದು ಅಭ್ಯಾಸವಾದರೆ ಕೆಲವರು ತಲೆ ಎತ್ತಿ ನೋಡುವುದು. ಕಟ್ಟಕಡೆಗೆ ಒಬ್ಬ ಕೊಂಕು ಆಡುವುದು. ಒಂದೊಂದೂ ಐದಾರು ನಿಮಿಷ. ಪ್ರತಿ ಸಲ ಮುಗಿದ ಮೇಲೆ ಹೆದರಿಕೆ ಎಷ್ಟು ಅಂತ ಹತ್ತರೊಳಗೆ ಒಂದು ಅಂಕಿ ಬೀರನೇ ಹೇಳಬೇಕು. ಒಳಗೆ ಏನೇನು ಬರುತ್ತದೆ ಅಂತ ಅವನಿಗೆ ಮೊದಲೇ ತಿಳಿಸಿರಬೇಕು. ಬೇಡ ಅನ್ನಿಸಿದ ಕ್ಷಣ ಕಿತ್ತು ಇಡಬಹುದು.

ನಾನು ಹುರುಪಿನಿಂದ ಹೊರಟೆ. ನೆಂಟರನ್ನು ಸೇರಿಸಿ ಪಂಕ್ತಿ ಕೂರಿಸಿದೆ. ಎಲ್ಲರೂ ತಲೆ ಬಾಚಿಕೊಂಡು ಬಂದರು, ಕ್ಯಾಮೆರಾ ಕಂಡಲ್ಲೆಲ್ಲ ಹಲ್ಲು ಬಿಟ್ಟರು. ನಾನು ಅದಕ್ಕೆ ಓಲಗದ ಹಿನ್ನೆಲೆ ಹಾಕಿ, ಪಾಯಸ ಬೀಳುವಲ್ಲಿ ನಿಧಾನ ಮಾಡಿ, ಅಂಚಿಗೆ ಹೂವಿನ ಬಳ್ಳಿ ಬಿಟ್ಟು ಕೊಟ್ಟೆ. ಸ್ಫೂರ್ತಿ ಪೆಟ್ಟಿಗೆ ಕಟ್ಟಿಕೊಂಡು ನೋಡಿದರು, ಬಿಚ್ಚಿದರು. "ರೀ, ನನಗ ಮದವಿ ಕ್ಯಾಸೆಟ್ ಬ್ಯಾಡ್ರಿ. ಇಷ್ಟು ನಗೋ ಮಂದಿ ಮುಂದ ಯಾರು ಅಂಜತಾರ್ರಿ?" ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತೆರಡು ವರ್ಷದ ಕಸುಬು! ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ನಾನೇ ಮಾಡಿದೆ.

ಯಲ್ಲಾಪುರದ ಹತ್ತಿರ ನಂದೊಳ್ಳಿಯಲ್ಲಿ ನನ್ನ ಹೆಂಡತಿಯ ಸಂಬಂಧಿ ಚನ್ನಯ್ಯ ಹೊಸ ಮನೆಗೆ ಒಕ್ಕಲಾಗುವ ಊಟ ಇಟ್ಟುಕೊಂಡಿದ್ದ. ನಿಜವಾದ ಜನ, ನಿಜವಾದ ಊಟ. ಯಾತಕ್ಕೆ ಅಂತ ಎಲ್ಲರಿಗೂ ತಿಳಿಸಿ ಒಪ್ಪಿಗೆ ತೆಗೆದುಕೊಂಡೆ, ಬೇಡ ಅಂದವರು ಆಚೆ ಸಾಲಿಗೆ ಹೋದರು. ಎರಡು ಸಾಲಿನ ನಡುವಿನ ದಾರಿಯಲ್ಲಿ, ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕೆ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟೆ. ನೋಡುವವನು ಯಜಮಾನನ ಜಾಗದಲ್ಲಿ ಇರಬೇಕಲ್ಲ. ಕ್ಯಾಮೆರಾ ಹತ್ತಿರ ನಾನು ನಿಂತರೆ ನಾನೇ ಕಾಣುತ್ತೇನೆ ಅಂತ ಶುರು ಮಾಡಿ ಹೊರಗೆ ಹೋದೆ.

ಕಾಲು ಗಂಟೆ ಬಿಟ್ಟು ಒಳಗೆ ಬಂದರೆ ದಾರಿಯಲ್ಲಿ ಕ್ಯಾಮೆರಾ ಇಲ್ಲ! ನೋಡಿದರೆ ಪಂಕ್ತಿಯಲ್ಲಿದೆ. ಸ್ಟ್ಯಾಂಡಿನ ಕಾಲು ಮಡಚಿ ಮಣೆಯ ಮೇಲೆ ಕೂರಿಸಿದ್ದಾರೆ. ಮುಂದೆ ಬಾಳೆ ಎಲೆ. ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಎರಡು ಪಲ್ಯ, ಕೋಸಂಬರಿ, ಅನ್ನ, ಅನ್ನದ ಮೇಲೆ ಸಾರು, ಬದಿಗೆ ಪಾಯಸ.

"ಯಾರ್ರೀ ಇದು ಮಾಡಿದ್ದು?" ಅಂತ ಕೂಗಿದೆ.

"ನಾನು," ಅಂದರು ಚನ್ನಯ್ಯನ ತಾಯಿ ಚೌಡಮ್ಮ. "ಬಡಿಸೋರ ಕಾಲಿಗೆ ಅಡ್ಡ ಆಗ್ತಿತ್ತು. ಸಾಲಲ್ಲಿ ಒಂದು ಜಾಗ ಇತ್ತು, ಕೂರಿಸ್ದೆ. ಕೂರಿಸಿದ ಮೇಲೆ ಎಲೆ ಹಾಕ್ದೆ ಬಿಡೂಕಾಗ್ತದಾ? ಎಡ ಬಲ ಉಣ್ತಿರ್ಬೇಕಾದ್ರೆ ನಡುವಿನ ಎಲೆ ಬರಿದು ಇರೂದು ನಮ್ಮನೆ ಪದ್ಧತಿ ಅಲ್ಲ."

"ಅಮ್ಮಾ, ಅದು ಉಣ್ತದಾ?"

"ಉಣ್ಣೂದು ಬಿಡೂದು ಅದರ ಪಾಡು. ಬಡಿಸೂದು ನಮ್ಮ ಕೆಲಸ."

ನನಗೆ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹಾಕದ ಎಲೆಯನ್ನು ನನ್ನ ಕ್ಯಾಮೆರಾಕ್ಕೆ ಹಾಕಿದ್ದರು, ಪಾಯಸ ಸಮೇತ. ಉಪಚಾರಕ್ಕೆ ಬಂದ ಚನ್ನಯ್ಯ ಅದಕ್ಕೂ ಕೈ ಮುಗಿದು ಹೋಗಿದ್ದನಂತೆ. ಶೂಟಿಂಗ್ ಹಾಳಾಯಿತು ಅಂತ ಶಪಿಸುತ್ತ ಬಂದೆ.

ಸ್ಫೂರ್ತಿ ಮಾತ್ರ, "ಇರ್ಲಿ, ಹಾಕ್ರಿ ನೋಡೂಣು" ಅಂದರು. ತಾವು ಮೊದಲು ನೋಡಿ, ಏನಿದೆ ಅಂತ ಬೀರನಿಗೆ ಹೇಳಿದರು. ಕೂತವನ ಎತ್ತರದಿಂದ ತೆಗೆದದ್ದು ಅಂತ ಅವನನ್ನು ಕುರ್ಚಿಯಿಂದ ಇಳಿಸಿ ಚಾಪೆಯ ಮೇಲೆ ಕೂರಿಸಿದರು. ಪೆಟ್ಟಿಗೆ ಕಟ್ಟಿಕೊಂಡ ಬೀರ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕೆಳಗೆ ನೋಡಿ ಸರಕ್ಕನೆ ಕೈ ಹಿಂದೆ ಎಳೆದ, ಸಾರು ಬಡಿಸುತ್ತಿದ್ದರು. ಆಮೇಲೆ ಕಲ್ಲಿನಂತೆ ಕೂತ. ಆರು ನಿಮಿಷ ಮುಗಿಯಿತು. "ಇನ್ನೊಂದ್ಸಲ" ಅಂದ. ಮುಗಿಯಿತು. "ಇನ್ನೊಂದ್ಸಲ." ನಾಲ್ಕು ಸಲ ನೋಡಿ ಬಿಚ್ಚಿದ.

"ಮನೋಹರ, ಚನ್ನಯ್ಯ ಬಂದ ಅಲ್ದಾ ಕೈ ಮುಗ್ದು. ಯಾರೂ ಅವನ ಮುಖ ನೋಡ್ಲಿಲ್ಲ ಮಾರಾಯ."

"ಊಟದ ಹೊತ್ತಲ್ಲಿ ಮುಖ ಯಾರು ನೋಡ್ತಾರೆ?"

"ಎಡಗಡೆಯವ ಮಜ್ಜಿಗೆ ಕೇಳ್ತಾ ಇದ್ದ. ಬಲಗಡೆಯವ ಹಪ್ಪಳ ಮುರೀತಿದ್ದ. ಚನ್ನಯ್ಯ ಅರ್ಧ ಮಾತು ನುಂಗಿಬಿಟ್ಟ, ಇವ್ರು ಹ್ಞೂ ಹ್ಞೂ ಅಂದ್ರು ಅಷ್ಟೆ. ನಂಗೂ ಅವನ ಕಾಲು ಮಾತ್ರ ಕಂಡಿದ್ದು." ಪೆಟ್ಟಿಗೆ ಕೆಳಗಿಟ್ಟ. ಆಮೇಲೆ, "ನಾನು ಇಷ್ಟು ವರ್ಷ ಪಂಕ್ತೀಲಿ ಕೂತಿದ್ದೇ ಇಲ್ಲ. ಅಲ್ಲಿಂದ ಹ್ಯಾಗೆ ಕಾಣ್ತದೆ ಅಂತ ಗೊತ್ತೇ ಇರ್ಲಿಲ್ಲ" ಅಂದ.

ಅಂಕಿ ಎಷ್ಟು ಅಂತ ಸ್ಫೂರ್ತಿ ಕೇಳಿದರು. ಒಂಬತ್ತರಿಂದ ಶುರುವಾಗಿದ್ದು ಆರಕ್ಕೆ ಇಳಿದಿತ್ತು. ಆ ದಿನವೇ ಅವರು ತಮ್ಮ ಕಾಗದ ತಿದ್ದಿದರು. ಮೊದಲು ಉಣ್ಣುವವನಾಗಿ ಕೂರುವುದು, ಆಮೇಲೆ ಯಜಮಾನನಾಗಿ ನಡೆಯುವುದು. ಚೌಡಮ್ಮನ ಕೆಲಸ ಹೀಗೆ ಚಿಕಿತ್ಸೆಯ ಮೊದಲ ಮೆಟ್ಟಿಲಾಯಿತು.

ಅಲ್ಲಿಂದ ಮುಂದೆ ಚೆನ್ನಾಗಿಯೇ ಹೋಗುತ್ತಿತ್ತು, ನಾನು ಹಾಳು ಮಾಡದಿದ್ದರೆ. ಕೊನೆಯ ಮೆಟ್ಟಿಲಿನಲ್ಲಿ ಕೊಂಕು ಆಡುವವನ ಪಾತ್ರ ನನ್ನದು. "ಏನು ಯಜಮಾನ್ರೇ, ಮಾತೇ ಇಲ್ಲ?" ಇಷ್ಟೇ ಅನ್ನಬೇಕು ಅಂತ ಸ್ಫೂರ್ತಿ ಬರೆದುಕೊಟ್ಟಿದ್ದರು, ಬೀರನಿಗೂ ಹೇಳಿದ್ದರು. ನಮ್ಮಲ್ಲಿ ಬೇಕಾದ ಗೆಳೆಯನನ್ನು ತಮಾಷೆಗೆ ಕಾಡದೆ ಬಿಡುವುದುಂಟಾ? ಬೀರ ನಕ್ಕುಬಿಡಲಿ ಅಂತ ನಾನು ಒಂದು ಸಾಲು ಸೇರಿಸಿದೆ. "ಕಾಲು ಯಾವ ಕಡೆ ತಿರುಗ್ತದೆ ಈಗ, ಕೊಟ್ಟಿಗೆ ಕಡೆಯಾ? ತಂಗಿ ಮದುವೇಲಿ ತಿರುಗ್ದಂಗೆ?" ಸ್ಫೂರ್ತಿಗೆ ತೋರಿಸದೆ ಪೆಟ್ಟಿಗೆಗೆ ಹಾಕಿ ಕೊಟ್ಟೆ.

ಬೀರ ನಗಲಿಲ್ಲ. ಪೆಟ್ಟಿಗೆ ಕಿತ್ತು ಚಾಪೆಯ ಮೇಲೆ ಹಾಕಿದ. ಅಂಗಿ ಪೂರಾ ಬೆವರು. ಮೆಟ್ಟಿಲಿಳಿದು ಹೋದ. ದುರ್ಗಿ ಹಿಂದೆ ಓಡಿದಳು.

"ಅವರಿಗೆ ತಿಳಿಸದ ಒಂದು ಮಾತೂ ಇದರಾಗ ಇರಬಾರದು ಅಂತ ಹೇಳಿದ್ದಿಲ್ಲೇನ್ರಿ?" ಸ್ಫೂರ್ತಿ ನನ್ನ ಕಡೆ ತಿರುಗಿದರು. "ಆ ನಂಬಿಕಿ ಮ್ಯಾಲೆ ಅವರು ಕಣ್ಣು ಕಟ್ಟಿಕೊಂಡು ಕುಂದರ್ತಾರ. ನೋಡದನ ಹಾಕಿದ್ದು ನನ್ನ ತಪ್ಪು. ಆ ಮಾತು ಇಟ್ಟಿದ್ದು ನಿಮ್ದು."

ಎರಡು ವಾರ ಬೀರ ಶಿರಸಿಗೆ ಹೋಗಲಿಲ್ಲ. ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ದುರ್ಗಿ ಸ್ಟುಡಿಯೋಕ್ಕೆ ಬಂದು, "ಅಣ್ಣಂಗೆ ಹೇಳ್ಬಿಡ್ಲಾ ಉಪಚಾರಕ್ಕೆ?" ಅಂತ ಕೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನನಗೆ ಅನ್ನ ಸೇರಲಿಲ್ಲ, ಬೈಕ್ ಹತ್ತಿ ಮನ್ಮನೆಗೆ ಹೋದೆ.

ಬೀರ ಟಿಲ್ಲರಿನ ಕೆಳಗಿದ್ದ, ಕಾಲು ಮಾತ್ರ ಹೊರಗೆ. ನಾನು ನೆಲದ ಮೇಲೆ ಕೂತೆ. ಆ ಕಾಲಿಗೇ ಹೇಳಿದೆ, ಪೆಟ್ಟಿಗೆಯಲ್ಲಿ ಆಡಿದ ಮಾತು ತಪ್ಪಾಯಿತು ಅಂತ. ಹನ್ನೊಂದು ವರ್ಷದಿಂದ ಗಂಟಲಲ್ಲಿದ್ದದ್ದನ್ನೂ ಹೇಳಿದೆ. ಆ ಡಿವಿಡಿಯಲ್ಲಿ ಮೂರು ಹೆಜ್ಜೆ ಉಳಿಸಿದವನು ನಾನೇ, ಒಂದು ನಿಮಿಷದ ಕೆಲಸ, ಮಾಡಲಿಲ್ಲ.

"ಹತ್ತನೇ ನಂಬರ್ ಸ್ಪ್ಯಾನರ್ ಕೊಡು," ಅಂದ.

ಕೊಟ್ಟೆ. ಬಹಳ ಹೊತ್ತು ತಿರುಪಿದ.

"ಆ ಮಾತು ಯಾರಾದ್ರೂ ಮುಖದ ಮೇಲೆ ಅಂದೇ ಅಂತಾರೆ ಅಂತ ಹನ್ನೊಂದು ವರ್ಷ ಹೆದ್ರಿ ಕೂತಿದ್ದೆ," ಅಂತ ಕೆಳಗಿನಿಂದ ದನಿ ಬಂತು. "ನೀ ಅಂದೆ. ಅವತ್ತು ಸತ್ತೇ ಹೋತೆ ಅನ್ನಿಸ್ತು. ಸಾಯ್ಲಿಲ್ಲ. ಬಸ್ ಹತ್ತಿ ಮನೆಗೆ ಬಂದು ಉಂಡೆ." ಮತ್ತೆ ತಿರುಪಿದ. "ಅದನ್ನ ಇನ್ನೊಂದ್ಸಲ ಹಾಕು. ಮಾತು ತೆಗೀಬ್ಯಾಡ. ಈ ಸಲ ಬರ್ತದೆ ಅಂತ ನಂಗೆ ಗೊತ್ತಿರ್ತದಲ."

ಸ್ಫೂರ್ತಿ ಅವನ ಬಾಯಿಂದಲೇ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಹಾಕಿದರು. ಮೊದಲ ದಿನ ಒಂಬತ್ತು. ಆಮೇಲೆ ಎಂಟು, ಆರು, ಮದುವೆಯ ವಾರ ನಾಲ್ಕು. "ನಾಲ್ಕರ ಕೆಳಗೆ ಇಳೀತಿಲ್ಲ ಮೇಡಂ" ಅಂತ ಬೀರ ಮುಖ ಸಣ್ಣ ಮಾಡಿದ. "ಇಳಿಯೂದ ಬ್ಯಾಡ್ರಿ. ಆ ನಾಲ್ಕನ್ನ ಕಿಸೇದಾಗ ಇಟ್ಕೊಂಡ ನಡೀರಿ" ಅಂದರು.

ಮದುವೆ ದಿನ. ಅನುಶ್ರೀ ತಾನೇ ಹೋಗಿ ಕರೆದಿದ್ದಕ್ಕೆ ಉಲ್ಲಾಸ ಬಂದಿದ್ದ. ಬಂದಿದ್ದ ಅಷ್ಟೆ, ಯಾರ ಹತ್ತಿರವೂ ಮಾತಿಲ್ಲ, ಎರಡನೇ ಸಾಲಿನಲ್ಲಿ ಬಿಗಿದುಕೊಂಡು ಕೂತ. ಸೌಮ್ಯ ಅಡುಗೆ ಚಪ್ಪರದ ಕಂಬ ಹಿಡಿದು ನಿಂತಿದ್ದಳು. ಅನ್ನ ಸಾರು ಬಂತು. ಬೀರ ಕೈ ಮುಗಿದುಕೊಂಡು ಪಂಕ್ತಿಯ ತುದಿಗೆ ಬಂದ. ನನ್ನ ಕ್ಯಾಮೆರಾ ಅವನ ಮೇಲೇ ಇತ್ತು.

ಒಂದು ಹೆಜ್ಜೆ, ಎರಡು, ಮೂರು. ನಿಂತ.

ಅಯ್ಯೋ ದೇವರೇ, ನಡಿಯೋ ಅಂತ ನಾನು ಒಳಗೇ ಕೂಗುತ್ತಿದ್ದೆ. ನಾಲ್ಕನೇ ಹೆಜ್ಜೆ ಇಟ್ಟ. ಮೊದಲ ಸಾಲು ಪೂರ್ತಿ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಎರಡನೇ ಸಾಲಿಗೆ ತಿರುಗಿದ. ಉಲ್ಲಾಸನ ಎಲೆಯ ಮುಂದೆ ಬಂದಾಗ ದನಿ ಬಂತು, ಒಡಕು ದನಿ. "ಸಾವಕಾಶ ಆಗ್ಲಿ ಭಾವ."

ಉಲ್ಲಾಸ ತಲೆ ಎತ್ತಲಿಲ್ಲ, ಅನ್ನ ಕಲಸುತ್ತಿದ್ದ. "ಹ್ಞೂ. ಸ್ವಲ್ಪ ಮಜ್ಜಿಗೆ ಕಳ್ಸು ಭಾವ" ಅಂದ.

ಹನ್ನೊಂದು ವರ್ಷದ ಮುನಿಸು ಒಂದು ಸೌಟು ಮಜ್ಜಿಗೆಯಲ್ಲಿ ಮುಗಿಯಿತು. ಬೀರ "ಮಜ್ಜಿಗೆ!" ಅಂತ ಕೂಗಿದ್ದು ಹೊರಗಿನ ಚಪ್ಪರಕ್ಕೂ ಕೇಳಿಸಿತು. ಸೌಮ್ಯ ಸೆರಗಿನಿಂದ ಕಣ್ಣು ಒರೆಸಿಕೊಂಡು ತಾನೇ ಪಾತ್ರೆ ಎತ್ತಿಕೊಂಡು ಬಂದಳು.

ಎರಡನೇ ಪಂಕ್ತಿಗೆ ಎಲೆ ಹಾಕುವಾಗ ನಾನು ಬೇರೆ ಕೋನ ಹುಡುಕುತ್ತಿದ್ದೆ. ಬೀರ ಬಂದು ನನ್ನ ಕೈಯಿಂದ ಕ್ಯಾಮೆರಾ ತೆಗೆದು ಕಿಟಕಿಯ ಮೇಲಿಟ್ಟ.

"ಕೂರು."

"ಶೂಟಿಂಗ್ ಇದೆ ಮಾರಾಯ. ನಮ್ಮದು ಕಡೆಗೆ, ಯಾವತ್ತಿನ ಹಾಗೆ."

"ಕೂರು ಅಂದೆ. ಸಾಲಲ್ಲಿ ಜಾಗ ಖಾಲಿ ಇದೆ."

ಕೂತೆ. ಎಲೆ ಬಂತು, ಉಪ್ಪು ಬಂತು, ಹೊಗೆಯಾಡುವ ಅನ್ನ ಬಂತು. ಸಾರಿನ ಬಿಸಿಗೆ ಬೆರಳು ಸುಟ್ಟಿತು. ತುದಿಯಿಂದ ಬೀರ ನಡೆದು ಬರುವುದು ಕೇಳಿಸುತ್ತಿತ್ತು, ಎಲ್ಲರಿಗೂ ಅದೇ ಮಾತು, ಸ್ವಲ್ಪ ತೊದಲು. ಕಾಲುಗಳು ನನ್ನ ಎಲೆಯ ಮುಂದೆ ನಿಂತವು, ಉಗುರಿನ ಸಂದಿಯಲ್ಲಿ ಟಿಲ್ಲರಿನ ಎಣ್ಣೆ ಇನ್ನೂ ಹೋಗಿರಲಿಲ್ಲ.

"ಸಾವಕಾಶ ಆಗ್ಲಿ ಮನೋಹರ. ನಿಧಾನಕ್ಕೆ ಊಟ ಮಾಡು."

ತಲೆ ಎತ್ತಿ ಅವನ ಮುಖ ನೋಡಬೇಕು ಅಂದುಕೊಂಡೆ. ಕಣ್ಣು ತುಂಬಿಬಿಟ್ಟಿತ್ತು, ಆಗಲಿಲ್ಲ. ಎಲ್ಲರ ಹಾಗೆ ನಾನೂ ಎಲೆ ನೋಡುತ್ತಲೇ "ಹ್ಞೂ" ಅಂದೆ.